ಹೊಸ ಅಬ್ಲೇಶನ್ ಬರುವ ಮುಂಚೆ ನಮ್ಮ ತಯಾರಿ

ಬಳ್ಳಾರಿಯ ಡಾಕ್ಟರ್ ಗೆಳೆಯರೇ, ನರ್ಸ್ ಮತ್ತು ಟೆಕ್ನಿಷಿಯನ್ ಬಳಗದವರೇ, ನಮಸ್ಕಾರ.

'ಪಲ್ಸ್ಡ್ ಫೀಲ್ಡ್ ಅಬ್ಲೇಶನ್ ನಮ್ಮೂರಿಗೆ ಯಾವಾಗ ಬರುತ್ತೆ ಸಾರ್?' ಈಚೆಗೆ ಇದನ್ನು ಬಹಳ ಜನ ಕೇಳುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಹೃದಯದ ತಾಳದ ಕಾಯಿಲೆಗೆ ವಿದ್ಯುತ್ ಮಿಡಿತ ಕೊಟ್ಟು ಮಾಡುವ ಹೊಸ ಚಿಕಿತ್ಸೆ ಇದು. ಬರಲಿ, ಖಂಡಿತ ಬರಲಿ. ಅದಕ್ಕೆ ಮುಂಚೆ ನಾವು ಮಾಡಿಕೊಳ್ಳಬೇಕಾದ ತಯಾರಿಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುತ್ತವೆ. ಇದನ್ನು ಕೆರಳಿಸುವ ಮಿಡಿತ ಹೆಚ್ಚಾಗಿ ಶ್ವಾಸಕೋಶದಿಂದ ಬರುವ ರಕ್ತನಾಳಗಳಲ್ಲಿ ಹುಟ್ಟುತ್ತದೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದ ಡಾಕ್ಟರುಗಳು ತೋರಿಸಿಕೊಟ್ಟರು. ಆ ನಾಳಗಳ ಬಾಯಿಯನ್ನು ಸುಟ್ಟೋ, ತಣ್ಣಗೆ ಹೆಪ್ಪುಗಟ್ಟಿಸಿಯೋ ಚಿಕಿತ್ಸೆ ಮಾಡುತ್ತಾ ಬಂದಿದ್ದೇವೆ. ಆದರೆ ಬೆನ್ನಿಗೇ ಅನ್ನನಾಳ ಇದೆ, ಅಲ್ವಾ? ಬಿಸಿ ಅದಕ್ಕೂ ತಟ್ಟುತ್ತದೆ. ಹೊಸ ವಿಧಾನದಲ್ಲಿ ಕ್ಷಣಮಾತ್ರದ ಜೋರಾದ ವಿದ್ಯುತ್ ಮಿಡಿತಗಳು ಜೀವಕೋಶದ ಪೊರೆಯನ್ನು ತೂತು ಮಾಡುತ್ತವೆ. ಹೃದಯದ ಸ್ನಾಯು ಇದಕ್ಕೆ ಬೇಗ ಬಗ್ಗುತ್ತದೆ. ಅನ್ನನಾಳ ಬಹುಮಟ್ಟಿಗೆ ಉಳಿಯುತ್ತದೆ. 17 ಸಾವಿರಕ್ಕೂ ಜಾಸ್ತಿ ರೋಗಿಗಳ ಮ್ಯಾನಿಫೆಸ್ಟ್-17ಕೆ ಅಧ್ಯಯನದಲ್ಲಿ ಅನ್ನನಾಳಕ್ಕೆ ತೂತು ಬಿದ್ದ ಒಂದು ಕೇಸೂ ಇರಲಿಲ್ಲ. ಇದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ.

ಹಾಗಂತ ಅಪಾಯವೇ ಇಲ್ಲ ಅಂದುಕೊಳ್ಳಬಾರದು. ವಿದ್ಯುತ್ ಮಿಡಿತ ಜಾಸ್ತಿ ಕೊಟ್ಟಷ್ಟೂ ಕೆಂಪು ರಕ್ತಕಣ ಒಡೆಯುತ್ತವೆ. ಕಿಡ್ನಿಗೆ ಪೆಟ್ಟು ಬೀಳಬಹುದು. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳದ ಹತ್ತಿರ ಕೊಟ್ಟರೆ ಆ ನಾಳ ಸೆಟೆದುಕೊಳ್ಳಬಹುದು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಕೆಲವರಿಗೆ ಮೆದುಳಿನ ರಕ್ತನಾಳದ ತೊಂದರೆ ಕಂಡಾಗ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅಲ್ಲಿ ಈ ವಿಧಾನದ ತನ್ನ ಸಾಧನವಾದ ವ್ಯಾರಿಪಲ್ಸ್ ಬಳಕೆಯನ್ನು ನಿಲ್ಲಿಸಿ, ಪರಿಶೀಲಿಸಿ, ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿತು. ಹಾಗೆ ನಿಲ್ಲಿಸುವ ಧೈರ್ಯ, ಈ ಚಿಕಿತ್ಸೆ ನಡೆಯುವ ಕೋಣೆಯಾದ ನಮ್ಮ ಕ್ಯಾತ್‌ಲ್ಯಾಬಿನಲ್ಲೂ ಇರಬೇಕು. ನರ್ಸ್ 'ನಿಲ್ಲಿ ಸಾರ್, ಎಸಿಟಿ ಇನ್ನೂ 300 ದಾಟಿಲ್ಲ' (ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ಹೇಳುವ ಪರೀಕ್ಷೆ ಅದು) ಅಂದರೆ ಎಷ್ಟೇ ದೊಡ್ಡ ಡಾಕ್ಟರ್ ಆದರೂ ನಿಲ್ಲಬೇಕು.

ಮೊದಲ ಕೇಸುಗಳನ್ನು ಅನುಭವಿ ಡಾಕ್ಟರ್ ಪಕ್ಕದಲ್ಲಿ ನಿಂತಿರುವಾಗಲೇ ಮಾಡೋಣ. ಕಿಡ್ನಿ ಸೋತವರನ್ನು ಕಲಿಕೆಯ ದಿನಗಳಲ್ಲಿ ಆರಿಸುವುದು ಬೇಡ. ಪ್ರತಿಯೊಬ್ಬರಿಗೂ ಎಷ್ಟು ಮಿಡಿತ ಕೊಟ್ಟೆವು, ಆಮೇಲೆ ಏನಾಯಿತು, ಎಲ್ಲ ಬರೆದಿಡೋಣ. ಕೆಟ್ಟದ್ದನ್ನೂ.

ನಮ್ಮ ಕಡೆಯದೇ ಒಂದು ಮಾತಿದೆ. ಸಂಡೂರು, ಸಿರುಗುಪ್ಪ ಕಡೆಯಿಂದ ತಾಳ ತಪ್ಪಿದ ಹೃದಯ ಹೊತ್ತು ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿ ಹೃದಯದ ವಾಲ್ವನ್ನು ಕೆಡಿಸುವ ರುಮ್ಯಾಟಿಕ್ ಜ್ವರ ಬಂದಿರುತ್ತದೆ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾಗಿರುತ್ತದೆ. ಹೊಸ ಯಂತ್ರದ ದೊಡ್ಡ ಅಧ್ಯಯನಗಳು ಇಂಥವರ ಮೇಲೆ ನಡೆದವಲ್ಲ. ಅವರಿಗೆ ಮೊದಲು ಬೇಕಾದದ್ದು ವಾಲ್ವಿನ ಚಿಕಿತ್ಸೆ, ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ, ಅದರ ಪ್ರಮಾಣ ಸರಿಯಿದೆಯೇ ಅಂತ ನೋಡುವ ತಪ್ಪದ ಐಎನ್‌ಆರ್ ಪರೀಕ್ಷೆ. ಯಂತ್ರ ಬಂತು ಅಂತ ಸುಮ್ನೆ ಎಲ್ಲರನ್ನೂ ಮೇಜಿನ ಮೇಲೆ ಮಲಗಿಸಬಾರದು.

ಇನ್ನು, ಅಬ್ಲೇಶನ್ ಆದವರು ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಎದೆ ಹೊಡೆದುಕೊಳ್ಳುವುದು ನಿಂತಿತಲ್ಲ ಅಂತ ರಕ್ತ ತೆಳು ಮಾಡುವ ಮಾತ್ರೆ ಬಿಟ್ಟುಬಿಡುತ್ತಾರೆ. ಕನಿಷ್ಠ 2 ತಿಂಗಳು ಬಿಡಬಾರದು ಅಂತ ಮನೆಯವರನ್ನೂ ಕೂರಿಸಿ ಹೇಳಬೇಕು. ತೊಡೆಸಂದಿಯಲ್ಲಿ ಊತ, ಮೂರನೇ ವಾರದಲ್ಲಿ ಜ್ವರ, ನುಂಗಲು ಕಷ್ಟ, ಮಾತು ತೊದಲುವುದು, ಏನೇ ಆದರೂ ಮೊದಲು ನಮಗೇ ಫೋನ್ ಬರಬೇಕು. ಆ ಫೋನ್ ರಾತ್ರಿ ಎತ್ತುವವರು ಯಾರು ಅಂತ ಮೊದಲ ಕೇಸಿಗೆ ಮುಂಚೆಯೇ ಹೆಸರು ಬರೆದಿಡೋಣ.