ಬಾತ್ ನಗರದ ಬಿಸಿನೀರಿನ ಬುಗ್ಗೆ ಮತ್ತು ಸೀಸದ ತಗಡುಗಳು

[ದೃಶ್ಯ: ಕಂಬಸಾಲಿನ ನಡುವೆ ಆವಿಯೇಳುವ ಹಸಿರು ನೀರಿನ ಕೊಳ]

ನಮಸ್ಕಾರ. ಇಂಗ್ಲೆಂಡಿನ ಏವನ್ ನದಿಯ ದಂಡೆಯಲ್ಲಿರುವ ಬಾತ್ ನಗರವನ್ನು ರೋಮನ್ನರು ಅಕ್ವೆ ಸುಲಿಸ್ ಎಂದು ಕರೆಯುತ್ತಿದ್ದರು. ಸುಲಿಸ್ ಅಲ್ಲಿನ ಮೂಲ ಜನರ ದೇವತೆ. ಆಕೆಯನ್ನು ತಮ್ಮ ಜ್ಞಾನದೇವತೆ ಮಿನರ್ವಾಳೊಂದಿಗೆ ಒಂದಾಗಿಸಿ ಪೂಜಿಸಿದ ರೋಮನ್ನರು, ಕ್ರಿ.ಶ. 60-70ರ ಸುಮಾರಿಗೆ ಬುಗ್ಗೆಯ ಪಕ್ಕದಲ್ಲೇ ದೇವಾಲಯ ಮತ್ತು ಸ್ನಾನಗೃಹಗಳ ನಿರ್ಮಾಣವನ್ನು ಆರಂಭಿಸಿದರು.

ಈ ನೀರು ಮೂಲತಃ ಮಳೆಯ ನೀರೇ. ಮೆಂಡಿಪ್ ಬೆಟ್ಟಗಳ ಮೇಲೆ ಸುರಿದ ಮಳೆ ಸುಣ್ಣಕಲ್ಲಿನ ಪದರಗಳ ಮೂಲಕ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಭೂಗರ್ಭದ ಶಾಖದಿಂದ ಕಾದು, ಬಂಡೆಗಳ ಬಿರುಕುಗಳಲ್ಲಿ ಒತ್ತಡದಿಂದ ಮೇಲೇರಿ, ದಿನಕ್ಕೆ 11 ಲಕ್ಷ ಲೀಟರಿಗೂ ಅಧಿಕ ಪ್ರಮಾಣದಲ್ಲಿ, ಸುಮಾರು 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಉಕ್ಕುತ್ತದೆ. ಬುಗ್ಗೆಯ ಸುತ್ತಲಿನ ಕೆಸರಿಗೆ ಓಕ್ ಮರದ ಗೂಟಗಳನ್ನು ಬಡಿದು, ಸೀಸದ ಹಾಳೆ ಹೊದಿಸಿದ ಜಲಾಶಯ ಕಟ್ಟಿದ ರೋಮನ್ ಕುಶಲಕರ್ಮಿಗಳ ಕೆಲಸ ನಿಜಕ್ಕೂ ಗೌರವಕ್ಕೆ ಅರ್ಹವಾದುದು.

[ದೃಶ್ಯ: ಚಿನ್ನದ ಲೇಪವಿರುವ ಕಂಚಿನ ಶಿರ]

1727ರಲ್ಲಿ ಚರಂಡಿ ಅಗೆಯುತ್ತಿದ್ದ ಕಾರ್ಮಿಕರಿಗೆ ದೇವಿಯ ಈ ಶಿರ ಸಿಕ್ಕಿತು. ದೊಡ್ಡ ಸ್ನಾನದ ಕೊಳ ಬೆಳಕು ಕಂಡದ್ದು 19ನೆಯ ಶತಮಾನದ ಕೊನೆಯಲ್ಲಿ. ಆದರೆ ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತಲೂ ಅಮೂಲ್ಯವಾದ ನಿಧಿ ಬುಗ್ಗೆಯ ತಳದಲ್ಲೇ ಇತ್ತು. 1978ರಲ್ಲಿ ಇಲ್ಲಿನ ನೀರಿನಲ್ಲಿ ಈಜಿದ ಬಾಲಕಿಯೊಬ್ಬಳು ಅಮೀಬಾ ಸೋಂಕಿನಿಂದ ತೀರಿಕೊಂಡ ಬಳಿಕ ಸಾರ್ವಜನಿಕ ಸ್ನಾನವನ್ನು ನಿಲ್ಲಿಸಲಾಯಿತು. ಮರುವರ್ಷ ಪುರಾತತ್ವಜ್ಞ ಬ್ಯಾರಿ ಕನ್‌ಲಿಫ್ ಅವರ ತಂಡ ಬುಗ್ಗೆಯೊಳಗೆ ಉತ್ಖನನ ಕೈಗೊಂಡಿತು.

ಅಲ್ಲಿ ಸಾವಿರಾರು ನಾಣ್ಯಗಳ ಜೊತೆಗೆ, ಸೀಸಮಿಶ್ರಿತ ಲೋಹದ ಸುಮಾರು 130 ತೆಳು ತಗಡುಗಳು ದೊರೆತವು. ಲ್ಯಾಟಿನ್ ಲಿಪಿಯಲ್ಲಿ ಗೀಚಿ, ಹಲವನ್ನು ಮಡಚಿ ನೀರಿಗೆ ಹಾಕಿದ್ದ ಆ ತಗಡುಗಳನ್ನು ಪ್ರಾಚೀನ ಲ್ಯಾಟಿನ್ ಬರಹಗಳ ತಜ್ಞ ರೋಜರ್ ಟಾಮ್ಲಿನ್ ಅವರು ಬಹಳ ತಾಳ್ಮೆಯಿಂದ ಓದಿದರು. ಅವುಗಳಲ್ಲಿ ಬಹುಪಾಲು ಕಳ್ಳತನಕ್ಕೆ ಒಳಗಾದವರು ದೇವಿಗೆ ಸಲ್ಲಿಸಿದ ದೂರುಗಳು. ಎರಡು ಕೈಗವಸುಗಳನ್ನು ಕಳೆದುಕೊಂಡ ಡೊಸಿಮೆಡಿಸ್, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡುತ್ತಾನೆ. ಸ್ನಾನದ ಅಂಗಿ ಮತ್ತು ಮೇಲಂಗಿ ಕಳೆದುಕೊಂಡ ಸೊಲಿನಸ್, ಕಳ್ಳನಿಗೆ ನಿದ್ದೆಯನ್ನಾಗಲಿ ಆರೋಗ್ಯವನ್ನಾಗಲಿ ಕೊಡಬೇಡವೆಂದು ಮೊರೆಯಿಡುತ್ತಾನೆ.

ಅರಸರು ಮತ್ತು ಸೇನಾಪತಿಗಳ ಶಾಸನಗಳಲ್ಲಿ ಜಾಗ ಸಿಗದ ಜನರ ಮಾತು ಇದು. ಎರಡನೆಯ ಶತಮಾನದಿಂದ ನಾಲ್ಕನೆಯ ಶತಮಾನದವರೆಗಿನ ಬ್ರಿಟನ್ನಿನಲ್ಲಿ ಜನಸಾಮಾನ್ಯರು ಬಳಸಿದ ಲ್ಯಾಟಿನ್ ಹೇಗಿತ್ತೆಂಬುದನ್ನು ಅರಿಯಲೂ ಇವು ಮುಖ್ಯ ಆಧಾರ.

[ದೃಶ್ಯ: ತಗಡಿನ ಮೇಲಿನ ಅಕ್ಷರಗಳು, ಹತ್ತಿರದಿಂದ]

ಕಳ್ಳ ಯಾರೆಂದು ತಿಳಿಯದಿದ್ದಾಗ ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ ಎಂದು ಬರೆಯುವುದು ವಾಡಿಕೆ. ತನ್ನ ಚೀಲದಿಂದ ಆರು ಬೆಳ್ಳಿ ನಾಣ್ಯಗಳು ಕಳುವಾದವೆಂದು ದೂರುವ ಆನಿಯಾನಸ್ ಎಂಬಾತ ಈ ಪಟ್ಟಿಗೆ ಇನ್ನೊಂದು ಜೋಡಿಯನ್ನು ಸೇರಿಸಿದ್ದಾನೆ: ಕದ್ದವನು ಕ್ರೈಸ್ತನಾಗಿರಲಿ, ಅನ್ಯಧರ್ಮೀಯನಾಗಿರಲಿ. ಸುಲಿಸ್ ದೇವಿಗೆ ಮೊರೆಯಿಡುತ್ತಿದ್ದ ಅದೇ ಊರಿನಲ್ಲಿ ಹೊಸ ಧರ್ಮದವರೂ ಓಡಾಡಿಕೊಂಡಿದ್ದರೆಂಬುದಕ್ಕೆ ಈ ತಗಡೇ ಸಾಕ್ಷಿ.