ಇಟ್ಟು ಕುಡಿಯಬೇಕಾದ ಬಿಳಿ ವೈನ್

ಕೇಳುಗರೆಲ್ಲರಿಗೂ ನಮಸ್ಕಾರ. ಬಿಳಿ ವೈನನ್ನು ಕೊಂಡ ವರ್ಷವೇ ಕುಡಿದು ಮುಗಿಸಬೇಕು, ವರ್ಷಗಟ್ಟಲೆ ಇಡುವ ಯೋಗ್ಯತೆ ಕೆಂಪು ವೈನಿಗೆ ಮಾತ್ರ ಇದೆ ಎಂದು ನಿಮ್ಮಲ್ಲಿ ಬಹಳ ಮಂದಿ ನಂಬಿದ್ದೀರಿ. ಇಟಲಿಯ ಪೂರ್ವ ಕರಾವಳಿಯ ಮಾರ್ಕೆ ಪ್ರಾಂತ್ಯದ ವೆರ್ದಿಕ್ಕಿಯೊ ಎಂಬ ಬಿಳಿ ವೈನ್ ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಇದನ್ನು ಆತುರಪಟ್ಟು ಕುಡಿಯಬೇಡಿ, ಇಟ್ಟು ಕುಡಿಯಿರಿ.

ಕಾರಣ ಸರಳವಾಗಿದೆ. ವೆರ್ದಿಕ್ಕಿಯೊ ದ್ರಾಕ್ಷಿಯು ಚೆನ್ನಾಗಿ ಹಣ್ಣಾದ ಮೇಲೂ ತನ್ನ ಹುಳಿಯನ್ನು ಉಳಿಸಿಕೊಳ್ಳುತ್ತದೆ, ಆ ಹುಳಿಯೇ ವೈನನ್ನು ಕಾಪಾಡುತ್ತದೆ. ಹೊಸದರಲ್ಲಿ ನಿಂಬೆ, ಹಸಿರು ಸೇಬು, ಸೋಂಪಿನ ಕಂಪು ಇದ್ದು, ಗುಟುಕಿನ ಕೊನೆಯಲ್ಲಿ ಬಾದಾಮಿಯ ನಸುಗಹಿ ನಾಲಿಗೆಗೆ ತಗಲುತ್ತದೆ. ನಾಲ್ಕೈದು ವರ್ಷ ಕಳೆದರೆ ಹುಳಿಯ ಚುರುಕು ತಗ್ಗಿ ಜೇನಿನ ಪರಿಮಳ ಮೂಡುತ್ತದೆ.

ಹಾಗಿದ್ದೂ ಇದು ಜನರಿಗೆ ತಿಳಿಯದೆ ಹೋದದ್ದು ಒಂದು ಬಾಟಲಿಯಿಂದ! 1953ರಲ್ಲಿ ಫಾತ್ಸಿ ಬತ್ತಾಲ್ಯ ಎಂಬ ಕಂಪನಿಗಾಗಿ ಆಂತೋನಿಯೊ ಮಯೊಕ್ಕಿ ಎಂಬ ವಾಸ್ತುಶಿಲ್ಪಿ, ಪ್ರಾಚೀನರು ವೈನ್ ತುಂಬಿಡುತ್ತಿದ್ದ ಆಂಫೊರಾ ಎಂಬ ಮಣ್ಣಿನ ಪಾತ್ರೆಯನ್ನು ಹೋಲುವ, ನಡು ಸಣ್ಣಗಿರುವ ಹಸಿರು ಗಾಜಿನ ಬಾಟಲಿಯೊಂದನ್ನು ರೂಪಿಸಿದರು. ಅದರ ಕೊರಳಿಗೆ ಸುರುಳಿ ಸುತ್ತಿದ ಪುಟ್ಟ ಕಾಗದವೊಂದನ್ನೂ ಕಟ್ಟಲಾಗುತ್ತಿತ್ತು. ಸಮುದ್ರತೀರದ ಹೋಟೆಲುಗಳಿಂದ ಹಿಡಿದು ಹೊರದೇಶಗಳ ಇಟಾಲಿಯನ್ ಹೋಟೆಲುಗಳವರೆಗೆ ಆ ಬಾಟಲಿ ಮೆರೆಯಿತು. ಇತರರೂ ಅದೇ ಆಕಾರವನ್ನು ಅನುಕರಿಸಿದರು. ಹೆಸರು ಉಚ್ಚರಿಸಲು ಬಾರದವರೂ ಬೆರಳು ತೋರಿಸಿ ಅದನ್ನು ತರಿಸಿಕೊಳ್ಳಬಹುದಿತ್ತು. ಮಾರಾಟವೇನೋ ಭರ್ಜರಿಯಾಯಿತು, ಆದರೆ ಮೀನಿನ ಜೊತೆ ಕುಡಿದು ಮರೆಯುವ ಅಗ್ಗದ ವೈನ್ ಎಂಬ ಹಣೆಪಟ್ಟಿಯೂ ಅಂಟಿಕೊಂಡಿತು. ಬಾಟಲಿಯನ್ನು ಅಷ್ಟು ಮೆಚ್ಚಿದವರು ಒಳಗಿದ್ದುದನ್ನು ಎರಡು ವರ್ಷ ಇಟ್ಟು ನೋಡಬಾರದಿತ್ತೆ ಎಂದು ನನಗೆ ಇಂದಿಗೂ ಅನಿಸುತ್ತದೆ. ಮುಂದೆ ಒಳ್ಳೆಯ ಬೆಳೆಗಾರರು ಇಳುವರಿ ತಗ್ಗಿಸಿ, ಸಾಮಾನ್ಯ ನೇರ ಬಾಟಲಿಗೆ ಬಂದ ಮೇಲೆಯೇ ಈ ವೈನಿನ ಮರ್ಯಾದೆ ಮರಳಿತು.

ಸಮಯ ಸರಿಯುತ್ತಿದೆ, ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಎಸೀನೊ ನದಿಯ ಮೇಲ್ಕಣಿವೆಯಲ್ಲಿರುವ ಮತೇಲಿಕಾ ಊರಿಗೆ ಬೆಟ್ಟಗಳು ಅಡ್ಡವಿರುವುದರಿಂದ ಕಡಲಗಾಳಿ ತಲುಪುವುದಿಲ್ಲ, ರಾತ್ರಿಗಳು ತಣ್ಣಗಿರುತ್ತವೆ, ವೈನಿನ ಹುಳಿ ಹರಿತವಾಗಿರುತ್ತದೆ. ಅದೇ ನದಿ ಕೆಳಗಿಳಿದು ಏಡ್ರಿಯಾಟಿಕ್ ಕಡಲಿನತ್ತ ತಿರುಗುವ ಯೇಜಿ ಪಟ್ಟಣದ ಸುತ್ತಿನ ಗುಡ್ಡಗಳಲ್ಲಿ ವೈನಿನ ರುಚಿ ಹೆಚ್ಚು ತುಂಬಿಕೊಂಡು ಬರುತ್ತದೆ. ಎರಡೂ ಕಡೆ ‘ರಿಸೆರ್ವಾ’ ಎಂದು ಬರೆದದ್ದಕ್ಕೆ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಇದೆ; ಕನಿಷ್ಠ 18 ತಿಂಗಳು ಹಳತಾಗದೆ ಅದು ಮಾರುಕಟ್ಟೆಗೆ ಬರುವಂತಿಲ್ಲ. ನೀವು ಅದನ್ನೇ ಕೊಳ್ಳಿ, ಕೊಂಡು ಇಡಿ. ನೊರೆಯುಕ್ಕುವ ಸ್ಪುಮಾಂತೆ, ಒಣಗಿಸಿದ ಹಣ್ಣಿನಿಂದ ಮಾಡುವ ಸಿಹಿಯಾದ ಪಸ್ಸೀತೊ ಎಂಬ ಬಗೆಗಳೂ ಇವೆ.

ಬಡಿಸುವಾಗ ಮಂಜುಗಡ್ಡೆಯಷ್ಟು ತಣ್ಣಗೆ ಮಾಡಬೇಡಿ, ಪರಿಮಳವೆಲ್ಲ ಅಡಗಿಹೋಗುತ್ತದೆ. ಹಳತಾದ ರಿಸೆರ್ವಾಗೆ 12 ಡಿಗ್ರಿ ಸಾಕು. ನಮಸ್ಕಾರ.