ನೀರು ಎಣ್ಣೆಯಲ್ಲ

ನಮಸ್ಕಾರ. ನನ್ನ ಮುಂದಿನ ಮೇಜಿನ ಮೇಲೆ ಒಂದು ಕಲ್ಲಿದೆ. ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹೊಲದ ಬದುವಿನಿಂದ ತಂದದ್ದು. ಹಸಿರು ಛಾಯೆಯ ಕರಿ ಪದರಗಲ್ಲಿನ ನಡುವೆ ಎರಡು ಬೆರಳಗಲದ ಬಿಳಿ ಬೆಣಚಿನ ಎಳೆ ಹಾದುಹೋಗಿದೆ. ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತರುತ್ತೇನೆ, ನೋಡಿ. ಆ ಬಿಳುಪಿನೊಳಗೆ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆಗಳಿವೆ, ಒಂದರ ಪಕ್ಕದಲ್ಲಿ ಒಂದು, ಎಲ್ಲವೂ ಎಳೆಯ ಅಂಚಿಗೆ ಸಮಾನಾಂತರವಾಗಿ.

ಇದನ್ನು ಆರಿಸಿಕೊಂಡ ದಿನ ಹೊಲದ ಯಜಮಾನರು ಕೇಳಿದರು: “ಇದೇನ್ ಮೇಷ್ಟ್ರೇ, ನಾವು ಬೆಣಚುಕಲ್ಲು ಎತ್ತಿ ಎತ್ತಿ ಬದುವಿಗೆ ಹಾಕಿ ಸೋತಿದ್ದೀವಿ, ನೀವು ಚೀಲಕ್ಕೆ ತುಂಬ್ಕೋತೀರಲ್ಲ?”

“ಇದು ನೀರು ತಂದಿಟ್ಟ ಕಲ್ಲು, ಯಜಮಾನರೇ” ಎಂದೆ.

“ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ಧೂಳು ಬರೋ ಊರು ಇದು. ನೀರು ಎಲ್ಲಿಂದ ಬಂತು?”

ಅವರ ಪ್ರಶ್ನೆ ನ್ಯಾಯವಾದದ್ದು, ಮತ್ತು ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಭೂಕಂಪ ಹುಟ್ಟುವ ಜಾಗಕ್ಕೆ. ನಾನು ಅನೇಕ ವರ್ಷ ತರಗತಿಯಲ್ಲಿ, ಭೂಮಿಯ ಆಳದಲ್ಲಿ ನೀರು ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ, ಕಲ್ಲುಗಳ ನಡುವೆ ಜಾರಿಕೆ ತರುತ್ತದೆ ಎಂದು ಹೇಳುತ್ತಿದ್ದೆ. ಇಂದಿಗೂ ಬಹಳಷ್ಟು ವಿಡಿಯೋಗಳು ಹಾಗೆಯೇ ಹೇಳುತ್ತವೆ. ಆ ಹೋಲಿಕೆ ತಪ್ಪು, ಅದನ್ನು ನಾವು ಕೈಬಿಡಬೇಕು ಎಂಬುದು ಇಂದು ನನ್ನ ವಾದ.

ಭೂಕಂಪ ಹುಟ್ಟುವ ಅಂಥ ಒಂದು ಜಾಗ ಸಬ್‌ಡಕ್ಷನ್ ವಲಯ. ಹಾಗೆಂದರೆ ಸಾಗರತಳದ ಭೂಫಲಕವೊಂದು ಇನ್ನೊಂದು ಫಲಕದ ಅಡಿಗೆ ಬಾಗಿ, ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಭೂಮಿಯ ಒಡಲಿಗೆ ಇಳಿಯುವ ಜಾಗ. ಅಂಡಮಾನ್ ದ್ವೀಪಗಳ ಪಶ್ಚಿಮಕ್ಕೆ ನಮ್ಮ ಭಾರತೀಯ ಫಲಕವೇ ಹೀಗೆ ಇಳಿಯುತ್ತಿದೆ. 2004ರ ಡಿಸೆಂಬರ್ 26ರಂದು ಸುಮಾತ್ರದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿಲೋಮೀಟರ್ ಉದ್ದದ ಗಡಿ ಒಮ್ಮೆಲೇ ಜಾರಿದ್ದರಿಂದಲೇ ಆ ಸುನಾಮಿ ಎದ್ದಿತು.

ಇಳಿಯುವ ಫಲಕ ಒಣಗಿರುವುದಿಲ್ಲ. ಅದು ಸಮುದ್ರದಡಿಯಲ್ಲಿ ಕೋಟ್ಯಂತರ ವರ್ಷ ನೆಂದಿರುತ್ತದೆ, ಇಳಿಯತೊಡಗುವೆಡೆ ಇರುವ ಸಾಗರತಳದ ಆಳ ಕಂದಕದ ಬಳಿ ಬಾಗುವಾಗ ಬಿರುಕು ಬಿಟ್ಟು ಇನ್ನಷ್ಟು ನೀರು ಕುಡಿಯುತ್ತದೆ. ಭೂಮಿಯ ಹೊರಚಿಪ್ಪಿನ ಅಡಿಯ ಪದರವಾದ ಮ್ಯಾಂಟಲ್‌ನ ಆಲಿವೀನ್ ಖನಿಜ ನೀರಿನೊಂದಿಗೆ ಸೇರಿ ಸರ್ಪೆಂಟೈನ್ ಆಗುತ್ತದೆ. ಮುಟ್ಟಿದರೆ ಒಣಗಿದ ಕಲ್ಲಿನಂತಿರುವ ಈ ಖನಿಜದ ತೂಕದಲ್ಲಿ ಶೇಕಡಾ 12ರಿಂದ 13ರಷ್ಟು ನೀರೇ ಇರುತ್ತದೆ, ಏಕೆಂದರೆ ಆ ನೀರು ಹರಳಿನ ಕಟ್ಟಡದೊಳಗೇ ಸೇರಿಹೋಗಿದೆ. ಫಲಕ ಆಳಕ್ಕೆ ಇಳಿದು ಬಿಸಿಯಾದಂತೆ ಇಂಥ ಖನಿಜಗಳು ಒಂದೊಂದಾಗಿ ಒಡೆದು ನೀರನ್ನು ಹೊರಬಿಡುತ್ತವೆ. ಸರ್ಪೆಂಟೈನ್ ಮಾತ್ರ ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೂ ಹಿಡಿದುಕೊಂಡಿರುತ್ತದೆ.

ಹಾಗೆ ಬಿಡುಗಡೆಯಾದ ನೀರಿಗೆ ಮೇಲಕ್ಕೆ ಹೋಗಲು ದಾರಿ ಸಿಗದಿದ್ದರೆ ಏನಾಗುತ್ತದೆ? ಅಡುಗೆಮನೆಗೆ ಬನ್ನಿ. ಬಿಸಿನೀರಿನಲ್ಲಿ ತೊಳೆದ ಸ್ಟೀಲ್ ಲೋಟವನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಹಾಕಿದಾಗ, ಯಾರೂ ಮುಟ್ಟದಿದ್ದರೂ ಅದು ತಾನಾಗಿ ಸರಿಯುವುದನ್ನು ನೀವು ಕಂಡಿರುತ್ತೀರಿ. ಕಟ್ಟೆ ಒದ್ದೆಯಾಗಿದೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ, ಕಟ್ಟೆಯಷ್ಟೇ ತಣ್ಣಗಿರುವ ಲೋಟ ಒದ್ದೆ ಕಟ್ಟೆಯ ಮೇಲೂ ಸುಮ್ಮನೆ ಕೂರುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯಾಗಿ ಹಿಗ್ಗಿ ಲೋಟದ ಭಾರವನ್ನು ತಾನು ಹೊತ್ತುಕೊಳ್ಳುತ್ತದೆ, ಅಂಚು ಕಟ್ಟೆಯನ್ನು ಒತ್ತುವುದು ಕಡಿಮೆಯಾಗುತ್ತದೆ, ಆಗ ಸಣ್ಣ ಇಳಿಜಾರೂ ಸಾಕು. 1959ರಲ್ಲಿ ಹಬ್ಬರ್ಟ್ ಮತ್ತು ರೂಬಿ ಎಂಬ ಅಮೆರಿಕದ ಭೂವಿಜ್ಞಾನಿಗಳು ಒದ್ದೆ ಗಾಜಿನ ಹಲಗೆಯ ಮೇಲೆ ತಣ್ಣಗಿನ ಖಾಲಿ ಡಬ್ಬಿಯನ್ನು ಬೋರಲು ಹಾಕಿ, ಒಳಗಿನ ಗಾಳಿ ಬೆಚ್ಚಗಾಗಿ ಹಿಗ್ಗಿದಂತೆ ಅದು ಜಾರುವುದನ್ನು ತೋರಿಸಿದರು, ಕಿಲೋಮೀಟರುಗಟ್ಟಲೆ ದಪ್ಪದ ಬಂಡೆಯ ಹಾಸು ಹೇಗೆ ಜಾರಿರಬಹುದೆಂದು ವಿವರಿಸಿದರು. ಮಣ್ಣಿನ ವಿಷಯದಲ್ಲಿ ಈ ತತ್ತ್ವವನ್ನು ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲೇ ಕಂಡುಕೊಂಡಿದ್ದರು.

ಹತ್ತು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 2,700 ಪಟ್ಟು. ನೆಲದ ಮೇಲ್ಮೈವರೆಗೂ ತೆರೆದ ದಾರಿಯಿದ್ದರೆ ಅಲ್ಲಿನ ನೀರಿನ ಒತ್ತಡ ಸುಮಾರು 1,000 ಪಟ್ಟಿನಲ್ಲಿ ನಿಲ್ಲುತ್ತದೆ. ದಾರಿ ಮುಚ್ಚಿದ್ದರೆ ಅದು ಏರುತ್ತ ಬಂಡೆಯ ಭಾರದ ಹತ್ತಿರಕ್ಕೇ ಬರುತ್ತದೆ, ಸ್ತರಭಂಗದ, ಅಂದರೆ ಬಂಡೆಗಳು ಜಾರುವ ಬಿರುಕಿನ, ಎರಡು ಮುಖಗಳು ಒಂದನ್ನೊಂದು ಒತ್ತುವ ಬಲ ಬಹುತೇಕ ಇಲ್ಲವಾಗುತ್ತದೆ. ಗಮನಿಸಿ, ಇಲ್ಲಿ ಕಲ್ಲಿನ ಒರಟುತನ ಕಡಿಮೆಯಾಗಿಲ್ಲ. ಎಣ್ಣೆ ಮೇಲ್ಮೈಯನ್ನು ನುಣುಪಾಗಿಸುತ್ತದೆ, ನೀರು ಭಾರವನ್ನೇ ಹೊರುತ್ತದೆ.

ಈ ವ್ಯತ್ಯಾಸ ಬರೀ ಪದಗಳದ್ದಲ್ಲ. ಎಣ್ಣೆಯ ಕಥೆಯ ಪ್ರಕಾರ, ನೀರಿದ್ದ ಕಡೆ ಕಲ್ಲು ಸದಾ ಜಾರುತ್ತಿರಬೇಕು. ಒತ್ತಡದ ಕಥೆಯ ಪ್ರಕಾರ, ನೀರು ಸೋರಿಹೋದ ಕ್ಷಣ ಸ್ತರಭಂಗ ಮತ್ತೆ ಬಿಗಿಯಾಗಬೇಕು. ನಿಸರ್ಗದಲ್ಲಿ ಕಾಣುವುದು ಎರಡನೆಯದು. ಉತ್ತರ ಅಮೆರಿಕದ ಪಶ್ಚಿಮ ತೀರದ ಕ್ಯಾಸ್ಕೇಡಿಯಾದಲ್ಲಿ, ಸುಮಾರು 30ರಿಂದ 40 ಕಿಲೋಮೀಟರ್ ಆಳದ ಫಲಕದ ಗಡಿ ಹೆಚ್ಚುಕಡಿಮೆ 14 ತಿಂಗಳಿಗೊಮ್ಮೆ, ಕೆಲವು ವಾರಗಳ ಕಾಲ, ಯಾರಿಗೂ ಅರಿವಾಗದಷ್ಟು ನಿಧಾನವಾಗಿ ಕೆಲವು ಸೆಂಟಿಮೀಟರ್ ಜಾರಿ ನಿಲ್ಲುತ್ತದೆ. ಆಗ ಹೊರಡುವಂಥ ಸಣ್ಣ ನಡುಕವನ್ನು ಜಪಾನಿನಲ್ಲಿ ಒಬಾರಾ 2002ರಲ್ಲಿ ಗುರುತಿಸಿದರು. ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಗತಿಯೆಂದರೆ, ಆ ನಡುಕ ಸಮುದ್ರದ ಉಬ್ಬರವಿಳಿತದೊಂದಿಗೆ ಏರಿಳಿಯುತ್ತದೆ. ಮೂವತ್ತು ಕಿಲೋಮೀಟರ್ ಬಂಡೆಯ ಭಾರ ಹೊತ್ತ ಗಡಿಯೊಂದು ಚಂದ್ರನ ಸೆಳೆತಕ್ಕೆ ಓಗೊಡಬೇಕಾದರೆ, ಆ ಭಾರದ ಬಹುಪಾಲನ್ನು ಬೇರೆ ಯಾರೋ ಹೊತ್ತಿರಲೇಬೇಕು. ಹೊತ್ತಿರುವುದು ಸಿಕ್ಕಿಬಿದ್ದ ನೀರು ಎಂಬುದೇ ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ.

ನೀರು ಹರಳಿನ ಒಳಗೂ ಕೆಲಸ ಮಾಡುತ್ತದೆ. ಒಣ ಬೆಣಚು ನೂರಾರು ಡಿಗ್ರಿ ಬಿಸಿಯಲ್ಲೂ ಬಗ್ಗುವುದಿಲ್ಲ, ಆದರೆ ಅದರ ಹರಳಿನಲ್ಲಿ ಲವಲೇಶ ನೀರು ಸೇರಿದರೆ ಸಿಲಿಕಾನ್ ಮತ್ತು ಆಮ್ಲಜನಕದ ಬಂಧಗಳು ಸಡಿಲಗೊಂಡು ಅದು ಮೆಲ್ಲನೆ ಹರಿಯತೊಡಗುತ್ತದೆ ಎಂದು ಗ್ರಿಗ್ಸ್ ಮತ್ತು ಬ್ಲಾಸಿಕ್ 1965ರಲ್ಲಿ ಪ್ರಯೋಗದಿಂದ ತೋರಿಸಿದರು. ಇದನ್ನು ಎಣ್ಣೆಯ ಹೋಲಿಕೆಯಲ್ಲಿ ಎಲ್ಲಿ ಸೇರಿಸುತ್ತೀರಿ?

ಇನ್ನು ಮೇಜಿನ ಮೇಲಿನ ಕಲ್ಲಿಗೆ ಮರಳೋಣ. ಒತ್ತಡಕ್ಕೆ ಸಿಕ್ಕಿದ ಕಣಗಳ ಅಂಚಿನಲ್ಲಿ ಬೆಣಚು ನೀರಿನಲ್ಲಿ ಕರಗುತ್ತದೆ. ನೀರಿನ ಒತ್ತಡ ಮಿತಿ ಮೀರಿದಾಗ ಕಲ್ಲು ಕೂದಲೆಳೆಯಷ್ಟು ಬಿರಿಯುತ್ತದೆ, ನೀರು ಆ ಬಿರುಕಿಗೆ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಕರಗಿದ್ದ ಬೆಣಚು ಅಲ್ಲೇ ಹರಳಾಗಿ ಬಾಯಿ ಮುಚ್ಚುತ್ತದೆ. ಮುಚ್ಚಿದ ಮೇಲೆ ಒತ್ತಡ ಮತ್ತೆ ಏರುತ್ತದೆ, ಮತ್ತೆ ಬಿರಿಯುತ್ತದೆ. ಜಾನ್ ರಾಮ್ಸೆ 1980ರಲ್ಲಿ ವಿವರಿಸಿದ್ದು ಈ ಬಿರಿದು ಬೆಸೆಯುವ ಕ್ರಮವನ್ನೇ. ರಿಚರ್ಡ್ ಸಿಬ್ಸನ್ ಇಡೀ ಸ್ತರಭಂಗವೇ ಹೀಗೆ ಕವಾಟದಂತೆ ತೆರೆದು ಮುಚ್ಚುತ್ತದೆ ಎಂದರು. ಬಿಳಿಯೊಳಗಿನ ಒಂದೊಂದು ಕಪ್ಪು ಗೆರೆ, ಪ್ರತಿ ಬಿರಿತದಲ್ಲೂ ಪಕ್ಕದ ಗೋಡೆಯಿಂದ ಕಿತ್ತುಬಂದ ಪದರಗಲ್ಲಿನ ಚೂರು. ಬಿಡಿಸಿದ ನೀರೇ ಇಲ್ಲಿ ಬೆಸೆದಿದೆ. ಜಪಾನಿನ ಶಿಕೋಕು ದ್ವೀಪದ ಶಿಮಾಂಟೊ ಶಿಲಾವಲಯದಲ್ಲಿ, ಒಂದು ಕಾಲದ ಸಬ್‌ಡಕ್ಷನ್ ಗಡಿಯ ಬಂಡೆಗಳು ಮೇಲೆದ್ದು ಬಂದಿರುವೆಡೆ, ಇಂಥ ಬೆಣಚಿನ ಎಳೆಗಳನ್ನು ಓದಿಯೇ ವಿಜ್ಞಾನಿಗಳು ಆಳದ ನೀರಿನ ಚರಿತ್ರೆ ಬರೆಯುತ್ತಿದ್ದಾರೆ.

ನಮ್ಮ ಸಮೀಪದ ಅನುಭವವೂ ಇದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಜಾಗ ಸಬ್‌ಡಕ್ಷನ್ ವಲಯವಲ್ಲ, ಆದರೆ ನಿಯಮ ಅದೇ. ಜಲಾಶಯ ತುಂಬಿದ ನಂತರ ನೀರಿನ ಒತ್ತಡ ಬಿರುಕುಗಳ ಮೂಲಕ ಆಳಕ್ಕೆ ಹರಡಿತು, 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಯಿತು. ಒತ್ತಡ ಹರಡಲು ಕಾಲ ಬೇಕು, ಹೀಗಾಗಿ ಎಷ್ಟೋ ಸಲ ನೀರು ತುಂಬಿದ ದಿನವೇ ನೆಲ ನಡುಗುವುದಿಲ್ಲ. ಎಣ್ಣೆ ಎಂದುಕೊಂಡವರಿಗೆ ಈ ತಡ ಅರ್ಥವಾಗುವುದಿಲ್ಲ, ಅರ್ಥವಾಗದಿದ್ದರೆ ಅಣೆಕಟ್ಟಿನ ಬಳಿ ಏನನ್ನು, ಎಷ್ಟು ಕಾಲ ಅಳೆಯಬೇಕೆಂಬುದೂ ತಿಳಿಯುವುದಿಲ್ಲ. ನಾನು ಹೋಲಿಕೆಯೊಂದಕ್ಕಾಗಿ ಇಷ್ಟು ಹಟ ಹಿಡಿದಿರುವುದು ಇದಕ್ಕೇ.

ಹಾಗಾದರೆ ಚಿತ್ರದುರ್ಗವೂ ಹಿಂದೆ ಸಬ್‌ಡಕ್ಷನ್ ವಲಯವಾಗಿತ್ತೇ? ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆಗಳು ಇಲ್ಲಿ ಲಾವಾ ನೀರಿನೊಳಗೆ ಹರಿದು ತಣಿದದ್ದನ್ನು ಹೇಳುತ್ತವೆ, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ. ಆ ಕಾಲದಲ್ಲಿ ಭೂಫಲಕಗಳು ಇಂದಿನಂತೆ ಇಳಿಯುತ್ತಿದ್ದವೇ ಎಂಬ ಬಗ್ಗೆ ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಒಂದು ಬೆಣಚಿನ ಎಳೆ ಆ ವಾದವನ್ನು ತೀರ್ಮಾನಿಸಲಾರದು. ಆದರೆ ಈ ಎಳೆ ಹೇಳುವ ಮಾತಿಗೆ ಫಲಕಗಳ ಹಂಗಿಲ್ಲ. ಮುಂದಿನ ವಾರ ಈ ಕಲ್ಲನ್ನು ಅಡ್ಡಲಾಗಿ ಕೊಯ್ಸಿ, ನಯಗೊಳಿಸಿ, ಯಜಮಾನರ ಹೊಲಕ್ಕೇ ತೆಗೆದುಕೊಂಡು ಹೋಗುತ್ತೇನೆ. ನೀರು ಎಷ್ಟು ಸಲ ಬಂದಿತ್ತೆಂದು ಅವರೇ ಗೆರೆ ಎಣಿಸಿ ನೋಡಲಿ.